ವಾಂತಿಭೇದಿಯ ಅಣುಜೀವಿ: ಅದರ ಒಕ್ಕಟ್ಟೂ ಉಗ್ರತೆಯೂ

ವಾಂತಿಭೇದಿಯ ಹೆಸರೊಂದೇ ಒಂದು ಕಾಲದಲ್ಲಿ ಊರಿಗೆ ಊರನ್ನೇ ತಲ್ಲಣಗೊಳಿಸುತ್ತಿತ್ತು. ಬೆಳಗ್ಗೆ ಹೊಲಕ್ಕೆ ಹೋದವನು ಸಂಜೆಯೊಳಗಾಗಿ ಮಸಣವನ್ನು ಸೇರುವುದು ಆಗ ಅಪೂರ್ವವಾದ ಸಂಗತಿಯಾಗಿರಲಿಲ್ಲ. ಕನ್ನಡನಾಡಿನ ಹಳ್ಳಿಗಳಲ್ಲಿ ಜನರು ಇದನ್ನು ಮಾರಿಯ ಮುನಿಸೆಂದು ಬಗೆದು ಅಮ್ಮನಿಗೆ ಹರಕೆ ಹೊರುತ್ತಿದ್ದರು. ಮುನಿಸು ಇಳಿದುದರಿಂದಲೇ ಬೇನೆಯೂ ಇಳಿಯಿತೆಂದು ನೆಮ್ಮದಿಗೊಳ್ಳುತ್ತಿದ್ದರು. ಮುಂದೆ ವಿಜ್ಞಾನವು ಬಂದು, ಬೇನೆಗೆ ಕಾರಣವು ಕಣ್ಣಿಗೆ ಕಾಣದ ಒಂದು ಅಣುಜೀವಿಯೆಂದು ತೋರಿಸಿಕೊಟ್ಟಿತು. ಆದರೆ ಹಳೆಯ ಪ್ರಶ್ನೆಯೊಂದು ಹೊಸ ಉಡುಪನ್ನು ತೊಟ್ಟು ಹಾಗೆಯೇ ನಿಂತಿತು. ಒಂದೇ ಜಾತಿಯ ಅಣುಜೀವಿ ಒಂದೆಡೆಯಲ್ಲಿ ಕೊಲ್ಲುವುದೂ ಇನ್ನೊಂದೆಡೆಯಲ್ಲಿ ಸಾಧುವಾಗಿರುವುದೂ ಏತಕ್ಕೆ? ಅದರ ಮುನಿಸು ಹುಟ್ಟುಗುಣವೋ, ಸಹವಾಸದಿಂದ ಬಂದುದೋ? ಈ ಪ್ರಶ್ನೆಗೆ ಉತ್ತರ ದೊರೆಯಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಉತ್ತರದ ಮುಖ್ಯವಾದ ಒಂದು ಭಾಗವು ಕಲ್ಕತ್ತೆಯ ಒಂದು ಸಾಮಾನ್ಯ ಪ್ರಯೋಗಶಾಲೆಯಲ್ಲಿ, ಭಾರತೀಯನೊಬ್ಬನ ಕೈಯಿಂದ ಹೊರಬಿದ್ದಿತೆಂಬುದು ಅನೇಕರಿಗೆ ತಿಳಿಯದು.

೧

ಗಂಗೆಯ ಮುಖಜಭೂಮಿಯಲ್ಲಿ ಈ ಬೇನೆ ಬಹುಕಾಲದಿಂದ ನೆಲೆಸಿದ್ದಿತು. ೧೮೧೭ನೆಯ ಇಸವಿಯಲ್ಲಿ ಬಂಗಾಳದ ಜೆಸ್ಸೂರಿನಲ್ಲಿ ಅದು ಉಗ್ರರೂಪವನ್ನು ತಾಳಿ, ದಂಡುಗಳ ಜೊತೆಯಲ್ಲಿಯೂ ವರ್ತಕರ ಹಡಗುಗಳ ಜೊತೆಯಲ್ಲಿಯೂ ದೇಶಾಂತರಕ್ಕೆ ಹೊರಟಿತು. ೧೮೩೦ರ ಅನಂತರ ಯೂರೋಪೂ ಅಮೆರಿಕವೂ ಅದರ ರುಚಿಯನ್ನು ಕಂಡವು. ೧೮೫೪ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತಮುತ್ತ ಕೆಲವೇ ವಾರಗಳಲ್ಲಿ ೬೦೦ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಗುರುತಿಸಿ, ಅವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರನ್ನು ಕುಡಿದವರೆಂದು ಕಂಡುಕೊಂಡು, ಆ ಪಂಪಿನ ಹಿಡಿಯನ್ನು ತೆಗೆಸಿದನು. ಬೇನೆ ಗಾಳಿಯಿಂದಲ್ಲ, ಮಲದಿಂದ ಕೆಟ್ಟ ನೀರಿನಿಂದ ಬರುವುದೆಂಬುದು ಅವನ ಸಿದ್ಧಾಂತ. ಅದೇ ವರ್ಷದಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಫಿಲಿಪ್ಪೋ ಪಚೀನಿ ಎಂಬವನು ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಬಾಗಿದ ಆಕಾರದ ಅಸಂಖ್ಯ ಅಣುಜೀವಿಗಳನ್ನು ಕಂಡು, ಅವುಗಳಿಗೆ ವಿಬ್ರಿಯೋ ಎಂದು ಹೆಸರಿಟ್ಟನು. ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅಣುಜೀವಿಯ ಶಾಸ್ತ್ರೀಯನಾಮದೊಡನೆ ಅವನ ಹೆಸರು ಅಧಿಕೃತವಾಗಿ ಸೇರಿದುದು ೧೯೬೫ರಲ್ಲಿ, ಅವನು ಗತಿಸಿ ೮೨ ವರ್ಷಗಳಾದ ಮೇಲೆ.

೧೮೮೩ರಲ್ಲಿ ಈಜಿಪ್ಟಿನಲ್ಲಿ ಬೇನೆ ಎದ್ದಾಗ ಜರ್ಮನಿಯಿಂದ ರಾಬರ್ಟ್ ಕಾಕ್ ಅಲ್ಲಿಗೆ ಹೋದನು. ಫ್ರಾನ್ಸಿನಿಂದ ಬಂದ ಪಂಡಿತರ ತಂಡವೂ ಅಲ್ಲಿತ್ತು. ಅವರಲ್ಲಿ ತರುಣನಾದ ಲೂಯಿ ತ್ವಿಲ್ಯೇ ಅದೇ ಬೇನೆಗೆ ತುತ್ತಾದನು. ಈಜಿಪ್ಟಿನಲ್ಲಿ ಬೇನೆ ಇಳಿಯಲು ಕಾಕನು ಅದನ್ನು ಬೆನ್ನಟ್ಟಿ ಕಲ್ಕತ್ತೆಗೆ ಬಂದನು. ೧೮೮೪ರ ಆದಿಯಲ್ಲಿ ಅಣುಜೀವಿಯನ್ನು ಶುದ್ಧವಾಗಿ ಬೇರ್ಪಡಿಸಿ ಬೆಳೆಯಿಸಿದುದಾಗಿ ಸಾರಿದನು. ಜನರು ಸ್ನಾನಪಾನಗಳಿಗೆ ಬಳಸುತ್ತಿದ್ದ ಕಲ್ಕತ್ತೆಯ ಒಂದು ಕೊಳದ ನೀರಿನಲ್ಲಿಯೂ ಅದನ್ನು ಕಂಡನು. ಆದರೂ ಒಂದು ಕೊರತೆ ಅವನನ್ನು ಕಾಡಿತು. ಈ ಅಣುಜೀವಿಯನ್ನು ಯಾವ ಪ್ರಾಣಿಗೆ ಕೊಟ್ಟರೂ ಮನುಷ್ಯನಿಗೆ ಬರುವಂತಹ ಬೇನೆ ಬರಲಿಲ್ಲ. ಕಳ್ಳನು ಸಿಕ್ಕಿದ್ದನು, ಅವನು ಕದ್ದ ಬಗೆ ಮಾತ್ರ ಸಿಕ್ಕಲಿಲ್ಲ.

೨

ಈ ಕೊರತೆಯನ್ನೇ ಹಿಡಿದು ಕಾಕನನ್ನು ಎದುರಿಸಿದವನು ಮ್ಯೂನಿಕ್ ನಗರದ ಮಾಕ್ಸ್ ಫಾನ್ ಪೆಟ್ಟೆನ್‌ಕೋಫರ್. ಆರೋಗ್ಯಶಾಸ್ತ್ರದ ಆಚಾರ್ಯನೆಂದು ಹೆಸರಾದ ಈ ವೃದ್ಧನ ಮತದಲ್ಲಿ ಅಣುಜೀವಿ ಒಂದೇ ಸಾಲದು. ನೆಲದ ಗುಣವೂ ಮನುಷ್ಯನ ದೇಹಸ್ಥಿತಿಯೂ ಕೂಡಿದಲ್ಲದೆ ಬೇನೆ ಹುಟ್ಟದು. ೧೮೯೨ರ ಅಕ್ಟೋಬರ್ ೭ರಂದು, ತನ್ನ ೭೩ನೆಯ ವಯಸ್ಸಿನಲ್ಲಿ, ಹೊಟ್ಟೆಯ ಆಮ್ಲವು ಅಡ್ಡಿಯಾಗದಿರಲೆಂದು ಸೋಡಾವನ್ನು ಬೆರಸಿಕೊಂಡು, ಜೀವಂತ ಅಣುಜೀವಿಗಳಿಂದ ತುಂಬಿದ ದ್ರವವನ್ನು ಆತನು ಸಾಕ್ಷಿಗಳ ಮುಂದೆ ಕುಡಿದುಬಿಟ್ಟನು. ಕೆಲವು ದಿನ ಹೊಟ್ಟೆ ಕೆಟ್ಟುದಲ್ಲದೆ ಬೇರೆ ಅಪಾಯವಾಗಲಿಲ್ಲ. ಆದರೆ ಅವನ ಮಲದಲ್ಲಿ ಅಣುಜೀವಿಗಳು ಹೇರಳವಾಗಿದ್ದವು. ಕೆಲವೇ ದಿನಗಳ ಮೇಲೆ ಅವನ ಶಿಷ್ಯನಾದ ಎಮ್ಮೆರಿಕ್ ಅದೇ ಸಾಹಸವನ್ನು ಮಾಡಿ ಹೆಚ್ಚು ನರಳಿದನು, ಆದರೂ ಬದುಕಿದನು.

ಕಾಲವು ಪೆಟ್ಟೆನ್‌ಕೋಫರನ ಸಿದ್ಧಾಂತವನ್ನು ಸುಳ್ಳುಮಾಡಿತು. ಬೇನೆಗೆ ಅಣುಜೀವಿಯೇ ಕಾರಣ, ನೀರೇ ವಾಹನ. ಆದರೆ ಅವನ ಪ್ರಶ್ನೆಯು ಸುಳ್ಳಾಗಲಿಲ್ಲ. ಅಣುಜೀವಿ ಇದ್ದಮಾತ್ರದಿಂದಲೇ ಉಗ್ರತೆ ಇರುವುದೆಂದು ಹೇಳುವಂತಿಲ್ಲವೆಂಬುದು ಮತ್ತೆ ಮತ್ತೆ ಎದುರಾಯಿತು. ೧೯೦೫ರಲ್ಲಿ ಸೀನಾಯಿ ಪ್ರಾಂತದ ಎಲ್ ಟಾರ್ ಎಂಬ ತಡೆಠಾಣ್ಯದಲ್ಲಿ ಗಾಟ್‌ಷ್ಲಿಕ್ ಎಂಬ ವೈದ್ಯನು ಮೆಕ್ಕಾ ಯಾತ್ರೆಯಿಂದ ಹಿಂದಿರುಗುತ್ತ ಸತ್ತ ಕೆಲವರ ಕರುಳಿನಲ್ಲಿ ಈ ಅಣುಜೀವಿಯನ್ನೇ ಕಂಡನು. ಅವರಲ್ಲಿ ವಾಂತಿಭೇದಿಯ ಲಕ್ಷಣಗಳೇ ಇರಲಿಲ್ಲ. ಎಲ್ ಟಾರ್ ತಳಿಯೆಂದು ಹೆಸರು ಪಡೆದ ಇದನ್ನು ಬಹುಕಾಲ ನಿರುಪದ್ರವಿಯೆಂದೇ ಭಾವಿಸಿದ್ದರು. ಆದರೆ ೧೯೬೧ರಲ್ಲಿ ಇಂಡೊನೇಷಿಯದ ಸುಲಾವೇಸಿ ದ್ವೀಪದಿಂದ ಹೊರಟು ಪ್ರಪಂಚವನ್ನು ಸುತ್ತಿದ ಏಳನೆಯ ಮಹಾಸಾಂಕ್ರಾಮಿಕಕ್ಕೆ ಕಾರಣವಾದುದು ಎಲ್ ಟಾರ್ ತಳಿಯೇ. ಸಾಧುವೆಂದು ನಂಬಿದ್ದುದು ಹೇಗೆ ಉಗ್ರವಾಯಿತು? ಉತ್ತರಕ್ಕೆ ಮೊದಲು ಉಗ್ರತೆ ಎಂದರೇನೆಂಬುದು ತಿಳಿಯಬೇಕಾಗಿತ್ತು.

೩

ಅದನ್ನು ತಿಳಿಸಿದವನು ಶಂಭುನಾಥ ದೇ. ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ೧೯೧೫ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಓದಿ, ಲಂಡನ್ನಿನಲ್ಲಿ ರೋಗವಿಜ್ಞಾನವನ್ನು ಅಭ್ಯಾಸಮಾಡಿ, ೧೯೪೯ರಲ್ಲಿ ಅವನು ಸ್ವದೇಶಕ್ಕೆ ಮರಳಿದನು. ಆ ವೇಳೆಗೆ ಪಂಡಿತರು ಆರೇಳು ದಶಕಗಳಿಂದ ಒಂದೇ ಜಾಡಿನಲ್ಲಿ ನಡೆಯುತ್ತಿದ್ದರು. ಅಣುಜೀವಿಯು ಸತ್ತು ಒಡೆದಾಗ ಅದರ ಮೈಯಿಂದ ಹೊರಬೀಳುವ ವಿಷವು ರಕ್ತವನ್ನು ಸೇರಿ ರೋಗಿಯನ್ನು ಕೊಲ್ಲುವುದೆಂದು ಬಗೆದು, ಪ್ರಾಣಿಗಳ ರಕ್ತಕ್ಕೂ ಉದರಕುಹರಕ್ಕೂ ಅದನ್ನು ಚುಚ್ಚಿ ನೋಡುತ್ತಿದ್ದರು. ದೇ ಸರಳವಾದ ಒಂದು ವಿಚಾರವನ್ನು ಹಿಡಿದನು. ಬೇನೆ ಕಾಣುವುದು ಕರುಳಿನಲ್ಲಿ. ಹಾಗಿರಲು ಪರೀಕ್ಷೆಯೂ ಕರುಳಿನಲ್ಲಿಯೇ ನಡೆಯಬೇಕಲ್ಲವೆ? ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆಗಳಲ್ಲಿಯೂ ದಾರದಿಂದ ಬಿಗಿದು, ನಡುವೆ ಅಣುಜೀವಿಗಳನ್ನು ಸೇರಿಸಿದನು. ಮರುದಿನ ನೋಡಿದರೆ ಆ ತುಂಡು ನೀರಿನಿಂದ ಬಿರಿಯುವಂತೆ ಉಬ್ಬಿತ್ತು. ೧೯೫೩ರಲ್ಲಿ ಈ ಪ್ರಯೋಗವು ಪ್ರಕಟವಾಯಿತು. ಮುಂದೆ, ಅಣುಜೀವಿಗಳನ್ನು ಬೆಳೆಯಿಸಿದ ದ್ರವವನ್ನು ಸೋಸಿ, ಒಂದೂ ಅಣುಜೀವಿಯಿಲ್ಲದ ತಿಳಿಯನ್ನು ಮಾತ್ರ ಸೇರಿಸಿದಾಗಲೂ ಕರುಳು ಹಾಗೆಯೇ ಉಬ್ಬುವುದನ್ನು ಕಂಡನು. ಎಂದಮೇಲೆ ಅಣುಜೀವಿಯು ಬದುಕಿರುವಾಗಲೇ ಹೊರಕ್ಕೆ ಸ್ರವಿಸುವ ವಿಷವೊಂದು ಇದೆಯೆಂದಾಯಿತು. ೧೯೫೯ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ಲೇಖನವು ಕಿರಿದು. ಅದರ ಫಲವು ಹಿರಿದು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳಲ್ಲಿ ಬೇರೊಂದು ದಾರಿಯಿಂದ ಇಂತಹುದೇ ನಿರ್ಣಯಕ್ಕೆ ಬಂದರು.

ಈ ವಿಷವು ಕರುಳಿನ ಜೀವಕೋಶಗಳನ್ನು ಕೊಲ್ಲುವುದಿಲ್ಲ. ಅವುಗಳ ಒಳಗಿನ ಒಂದು ಆಜ್ಞೆಯನ್ನು ನಿಲ್ಲದಂತೆ ನಡೆಯಿಸಿ, ಉಪ್ಪನ್ನೂ ಅದರ ಹಿಂದೆಯೇ ನೀರನ್ನೂ ದೇಹದಿಂದ ಕರುಳಿನೊಳಕ್ಕೆ ಸುರಿಯುವಂತೆ ಮಾಡುತ್ತದೆ. ಉಗ್ರವಾದ ಬೇನೆಯಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗುವುದುಂಟು. ರೋಗಿ ಸಾಯುವುದು ಹೀಗೆ ಒಣಗಿ. ಆದುದರಿಂದ ಹೋದ ನೀರನ್ನೂ ಉಪ್ಪನ್ನೂ ಮರಳಿ ತುಂಬಿದರೆ ಅವನು ಬದುಕುತ್ತಾನೆ. ಸರಿಯಾದ ಶುಶ್ರೂಷೆ ದೊರೆತಲ್ಲಿ ನೂರರಲ್ಲಿ ಒಬ್ಬನೂ ಸಾಯದಂತಾಗಿದೆ. ಇಷ್ಟು ದೊಡ್ಡ ವಿಚಾರಕ್ಕೆ ಬಾಗಿಲನ್ನು ತೆರೆದ ದೇ, ೧೯೭೩ರಲ್ಲಿ ಕೆಲಸದಿಂದ ನಿವೃತ್ತನಾದಾಗ, ಸ್ವದೇಶದಲ್ಲಿ ತಕ್ಕ ಮನ್ನಣೆಯನ್ನು ಪಡೆದಿರಲಿಲ್ಲ. ೧೯೭೮ರಲ್ಲಿ ನೊಬೆಲ್ ಸಂಸ್ಥೆಯವರ ವಿದ್ವದ್ಗೋಷ್ಠಿಗೆ ಆಹ್ವಾನ ಬಂದುದು ಅವನಿಗೆ ದೊರೆತ ಅಪೂರ್ವ ಗೌರವ. ೧೯೮೫ರಲ್ಲಿ ಅವನು ತೀರಿಕೊಂಡನು.

೪

ವಿಷವು ಸಿಕ್ಕಿದ ಮೇಲೆ ಪ್ರಶ್ನೆಯ ರೂಪವು ಬದಲಾಯಿತು. ಈ ಅಣುಜೀವಿಯ ಕುಲದಲ್ಲಿ ೨೦೦ಕ್ಕೂ ಹೆಚ್ಚು ಪಂಗಡಗಳಿವೆ. ಉಪ್ಪುನೀರು ಸಿಹಿನೀರು ಕೂಡುವ ಅಳಿವೆಗಳಲ್ಲಿ, ಸಣ್ಣ ಜಲಚರಗಳ ಮೈಮೇಲೆ, ಅವು ತಮ್ಮ ಪಾಡಿಗೆ ಬಾಳುತ್ತವೆ. ಮಹಾಮಾರಿಯನ್ನು ಎಬ್ಬಿಸಿದ ಪಂಗಡಗಳು ಎರಡೇ. ಎರಡನೆಯದು ೧೯೯೨ರಲ್ಲಿ ಮದರಾಸಿನಲ್ಲಿ ಮೊದಲು ಕಾಣಿಸಿಕೊಂಡಿತು. ಕುಲವೆಲ್ಲ ಸಾಧುವಾಗಿರುವಾಗ ಕೆಲವಕ್ಕೆ ಮಾತ್ರ ವಿಷವು ಎಲ್ಲಿಂದ ಬಂದಿತು?

೧೯೯೬ರಲ್ಲಿ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಎಂಬ ಅಮೆರಿಕದ ಪಂಡಿತರು ಕೊಟ್ಟ ಉತ್ತರವು ವಿಸ್ಮಯಕರವಾದುದು. ವಿಷವು ಅಣುಜೀವಿಯ ಪಿತ್ರಾರ್ಜಿತವಲ್ಲ. ಅದು ಎರವಲು ಸೊತ್ತು. ಅಣುಜೀವಿಗಳನ್ನು ಹೊಕ್ಕು ಬಾಳುವ, ಅವುಗಳಿಗಿಂತಲೂ ಎಷ್ಟೋ ಕಿರಿದಾದ ವೈರಸ್ಸುಗಳುಂಟು. ಅಂತಹ ನೂಲಿನಾಕಾರದ ಒಂದು ವೈರಸ್ಸಿನ ವಂಶಸೂತ್ರದಲ್ಲಿಯೇ ವಾಂತಿಭೇದಿಯ ವಿಷವನ್ನು ತಯಾರಿಸುವ ವಿಧಿಯು ಬರೆದಿದೆ. ಆ ವೈರಸ್ಸು ಹೊಕ್ಕ ಅಣುಜೀವಿಗೆ ವಿಷ ಬರುತ್ತದೆ; ಹೊಗದುದಕ್ಕೆ ಬರುವುದಿಲ್ಲ.

ಇನ್ನೂ ಸೋಜಿಗವಾದುದು ವೈರಸ್ಸು ಒಳಹೊಗುವ ಬಾಗಿಲು. ಅಣುಜೀವಿಯ ಮೈಮೇಲೆ ಕೂದಲಿನಂತಹ ಎಳೆಗಳಿವೆ. ಕರುಳನ್ನು ಸೇರಿದ ಅಣುಜೀವಿಗಳು ಈ ಎಳೆಗಳಿಂದ ಒಂದನ್ನೊಂದು ಹೆಣೆದುಕೊಂಡು ಗುಂಪಾಗಿ ನೆಲೆಯೂರುತ್ತವೆ. ಒಂಟಿಯಾದುದು ಕೊಚ್ಚಿಹೋಗುವಲ್ಲಿ ಗುಂಪು ನಿಲ್ಲುತ್ತದೆ. ಎಳೆಗಳಿಲ್ಲದ ತಳಿಗೆ ಮನುಷ್ಯನ ಕರುಳಿನಲ್ಲಿ ನೆಲೆಯಿಲ್ಲ. ವಿಷದ ವೈರಸ್ಸು ಹಿಡಿದು ಒಳಹೊಗುವುದು ಈ ಎಳೆಗಳನ್ನೇ. ಒಕ್ಕಟ್ಟಿಗೆ ಹಗ್ಗವಾದುದೇ ಉಗ್ರತೆಗೆ ಬಾಗಿಲಾಯಿತು. ಸಹಕಾರವೂ ಕ್ರೌರ್ಯವೂ ಈ ಜೀವಿಯಲ್ಲಿ ಬೇರೆ ಬೇರೆ ಕಥೆಗಳಲ್ಲ.

೫

ಅಣುಜೀವಿಗಳು ಒಂಟಿಬಾಳಿನವೆಂದು ಪಂಡಿತರು ಬಹುಕಾಲ ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದುದು ಕಡಲಿನ ಒಂದು ಬೆಳಕು. ಕೆಲವು ಕಡಲಜೀವಿಗಳ ಮೈಯಲ್ಲಿ ವಾಸಮಾಡುವ, ವಾಂತಿಭೇದಿಯ ಅಣುಜೀವಿಗೆ ದಾಯಾದಿಯಾದ ಒಂದು ವಿಬ್ರಿಯೋ ಮಿಣುಕುತ್ತದೆ. ಆದರೆ ಅದು ವಿರಳವಾಗಿರುವಾಗ ಮಿಣುಕದು. ದಟ್ಟವಾಗಿ ಬೆಳೆದಾಗಲೇ ಮಿಣುಕುವುದು. ೧೯೭೦ರಲ್ಲಿ ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ಮೂವರು ಇದಕ್ಕೆ ಕಾರಣವನ್ನು ಕಂಡುಹಿಡಿದರು. ಪ್ರತಿಯೊಂದು ಅಣುಜೀವಿಯೂ ಒಂದು ರಾಸಾಯನಿಕ ಸಂಕೇತವನ್ನು ನೀರಿಗೆ ಬಿಡುತ್ತದೆ. ಸಂಕೇತವು ಸಾಕಷ್ಟು ದಟ್ಟವಾದರೆ ತನ್ನವರು ಸಾಕಷ್ಟು ನೆರೆದಿದ್ದಾರೆಂದು ಅರ್ಥ. ಕೋರಂ ತುಂಬಿದ ಮೇಲೆ ಸಭೆಯು ಕಲಾಪಕ್ಕೆ ತೊಡಗುವಂತೆ, ಆಗ ಎಲ್ಲವೂ ಕೂಡಿ ಬೆಳಕನ್ನು ಹೊತ್ತಿಸುತ್ತವೆ. ಈ ಹೋಲಿಕೆಯಿಂದಲೇ ೧೯೯೪ರಲ್ಲಿ ಈ ವಿದ್ಯಮಾನಕ್ಕೆ ಇಂಗ್ಲಿಷಿನಲ್ಲಿ ಹೆಸರು ಬಂದಿತು.

೨೦೦೨ರಲ್ಲಿ ಬಾನಿ ಬ್ಯಾಸ್ಲರ್, ಮೆಕಲಾನೋಸ್ ಮೊದಲಾದವರು ವಾಂತಿಭೇದಿಯ ಅಣುಜೀವಿಯಲ್ಲಿಯೂ ಇದನ್ನು ಕಂಡರು. ಆದರೆ ಇಲ್ಲಿ ವಿಧಿಯು ತಿರುಗುಮುರುಗು. ಅನೇಕ ರೋಗಾಣುಗಳು ಗುಂಪು ನೆರೆದ ಮೇಲೆ ದಾಳಿಮಾಡುತ್ತವೆ. ಇದಾದರೋ ಕರುಳಿಗೆ ಬಂದ ಹೊಸತರಲ್ಲಿ, ಸಂಖ್ಯೆ ಕಡಮೆಯಿರುವಾಗ, ಎಳೆಗಳನ್ನೂ ವಿಷವನ್ನೂ ಹೊರಡಿಸುತ್ತದೆ. ಸಂಖ್ಯೆ ತುಂಬಿದೊಡನೆ ಅವೆರಡನ್ನೂ ನಿಲ್ಲಿಸಿ, ಅಂಟನ್ನು ಬಿಡಿಸುವ ರಸವೊಂದನ್ನು ಸ್ರವಿಸಿ, ಕರುಳಿನಿಂದ ಕಳಚಿಕೊಳ್ಳುತ್ತದೆ. ವಿಷವು ತರಿಸಿದ ನೀರಿನ ಹೊನಲು ಅದನ್ನು ಹೊರಗಿನ ಕೊಳಕ್ಕೋ ಹೊಳೆಗೋ ಒಯ್ಯುತ್ತದೆ. ಹೀಗೆ ನೋಡಿದರೆ ಮನುಷ್ಯನ ಮರಣವು ಅದರ ಗುರಿಯಲ್ಲ. ಅದು ಪಯಣದ ಮಾರ್ಗದಲ್ಲಿ ಆಗುವ ನಷ್ಟ. ರೋಗಿಯಿಂದ ಆಗತಾನೆ ಹೊರಬಿದ್ದ ಅಣುಜೀವಿಗಳು ಪ್ರಯೋಗಶಾಲೆಯಲ್ಲಿ ಬೆಳೆದವುಗಳಿಗಿಂತ ನೂರಾರು ಮಡಿ ಹೆಚ್ಚು ಸೋಂಕನ್ನು ಹರಡಬಲ್ಲವೆಂಬುದೂ ೨೦೦೨ರಲ್ಲಿಯೇ ತಿಳಿದುಬಂದಿತು. ಮನೆಯಲ್ಲಿ ಒಬ್ಬನಿಗೆ ಬಂದ ಬೇನೆ ಎರಡು ದಿನಗಳಲ್ಲಿ ಮನೆಮಂದಿಗೆಲ್ಲ ಹಬ್ಬುವ ಹಳೆಯ ಅನುಭವಕ್ಕೆ ಇದೂ ಒಂದು ಕಾರಣ.

ಸಹಕಾರವಿದ್ದಲ್ಲಿ ವಂಚನೆಯೂ ಇರುವುದು ಲೋಕಸ್ವಭಾವ. ಊರಿನ ಕೆರೆಯ ಹೂಳನ್ನು ತೆಗೆಯಲು ಮನೆಗೊಂದು ಆಳು ಬರಬೇಕೆಂದು ಕಟ್ಟಳೆ ಮಾಡಿದರೆ, ಆಳನ್ನು ಕಳುಹಿಸದ ಮನೆಯ ಗದ್ದೆಗೂ ಕೆರೆಯ ನೀರು ಹರಿಯುವುದಷ್ಟೆ. ಅಣುಜೀವಿಗಳಲ್ಲಿಯೂ ಹೀಗೆಯೇ. ಹೊರಕ್ಕೆ ಸ್ರವಿಸಿದ ರಸವು ಎಲ್ಲರ ಸೊತ್ತು. ಅದನ್ನು ತಯಾರಿಸಲು ದುಡಿಯದವನೂ ಅದರ ಫಲವನ್ನು ಉಣ್ಣುತ್ತಾನೆ. ಹೀಗಿರಲು ಸೋಮಾರಿಗಳೇ ಹೆಚ್ಚಿ ಸಹಕಾರವು ಅಳಿದುಹೋಗಬೇಕಾಗಿತ್ತು. ಏಕೆ ಅಳಿಯಲಿಲ್ಲ? ೧೯೬೪ರಲ್ಲಿ ಇಂಗ್ಲೆಂಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಕೊಟ್ಟ ಸೂತ್ರವು ಇಲ್ಲಿ ನೆರವಿಗೆ ಬರುತ್ತದೆ: ದುಡಿಮೆಯ ಫಲವು ರಕ್ತಸಂಬಂಧಿಗಳಿಗೇ ಸೇರುವ ಪಕ್ಷದಲ್ಲಿ ದುಡಿಯುವ ಗುಣವು ವಂಶದಲ್ಲಿ ಉಳಿಯುತ್ತದೆ. ೨೦೦೪ರಲ್ಲಿ ಗ್ರಿಫಿನ್, ವೆಸ್ಟ್, ಬಕ್ಲಿಂಗ್ ಎಂಬವರು, ಕಬ್ಬಿಣವನ್ನು ಹಿಡಿದು ತರುವ ರಸವನ್ನು ಸ್ರವಿಸುವ ಬೇರೊಂದು ಅಣುಜೀವಿಯಲ್ಲಿ ಇದನ್ನು ಒರೆಗೆ ಹಚ್ಚಿದರು. ಸಂಬಂಧಿಗಳು ಒಟ್ಟಿಗಿದ್ದಲ್ಲಿ ದುಡಿಯುವವು ಗೆದ್ದವು. ಅನ್ಯರೊಡನೆ ಕಲೆತಲ್ಲಿ ವಂಚಕರು ಗೆದ್ದರು. ವಾಂತಿಭೇದಿಯ ಅಣುಜೀವಿಯು ಸೀಗಡಿಯಂತಹ ಕಿರಿಯ ಜಲಚರಗಳ ಚಿಪ್ಪನ್ನು ರಸದಿಂದ ಕರಗಿಸಿ ಉಣ್ಣುತ್ತದೆ. ಇಲ್ಲಿಯೂ ದಪ್ಪನಾದ ಲೋಳೆಯ ಪದರದಲ್ಲಿ ಒತ್ತಾಗಿ ಬಾಳುವುದರಿಂದಲೂ, ಹರಿಯುವ ನೀರು ಮಿಕ್ಕ ಉಣಿಸನ್ನು ಕೊಂಡೊಯ್ಯುವುದರಿಂದಲೂ ವಂಚಕರಿಗೆ ಪಾಲು ಸಿಕ್ಕದಂತಾಗುವುದೆಂದು ೨೦೧೪ರಲ್ಲಿ ಬ್ಯಾಸ್ಲರ್ ಮೊದಲಾದವರು ತೋರಿಸಿದರು.

೬

ಇಂತಹ ಜೀವಿಯು ಮುಂದೆ ಎತ್ತ ಸಾಗುವುದು? ಹಿಂದಿನವರಲ್ಲಿ ಒಂದು ಸಮಾಧಾನದ ಮಾತಿತ್ತು. ಆಸರೆ ಕೊಟ್ಟವನನ್ನು ಕೊಂದ ಪರೋಪಜೀವಿ ತಾನೂ ಕೆಡುವುದು. ಆದುದರಿಂದ ಕಾಲಕ್ರಮದಲ್ಲಿ ಎಲ್ಲ ಬೇನೆಗಳೂ ಸೌಮ್ಯವಾಗುವುವೆಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮೊದಲಾದವರು ಬಗೆದಿದ್ದರು. ೧೯೮೨ರಲ್ಲಿ ಆಂಡರ್‌ಸನ್ ಮತ್ತು ಮೇ ಎಂಬವರು ಗಣಿತದಿಂದ ಈ ಮಾತನ್ನು ತಿದ್ದಿದರು. ಉಗ್ರತೆಯಿಂದ ಹರಡುವಿಕೆಗೆ ಲಾಭವಿದ್ದರೆ ಉಗ್ರತೆ ಉಳಿಯುವುದು, ಬೆಳೆಯಲೂ ಬಹುದು. ೧೯೯೪ರಲ್ಲಿ ಪಾಲ್ ಇವಾಲ್ಡ್ ಈ ತತ್ತ್ವವನ್ನು ನೀರಿನ ಬೇನೆಗಳಿಗೆ ಅನ್ವಯಿಸಿದನು. ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವ ಬೇನೆಗೆ ರೋಗಿಯು ಎದ್ದು ಓಡಾಡುತ್ತಿರಬೇಕು. ನೀರೇ ವಾಹನವಾದ ಬೇನೆಗೆ ಆ ಅಗತ್ಯವಿಲ್ಲ. ರೋಗಿ ಹಾಸಿಗೆ ಹಿಡಿದರೂ ಅವನ ಮೈಲಿಗೆ ಬಟ್ಟೆಯನ್ನು ಒಗೆದ ನೀರು ಊರನ್ನು ಸುತ್ತುತ್ತದೆ. ಹಾಗಾದರೆ ಕುಡಿಯುವ ನೀರನ್ನು ಶುದ್ಧವಾಗಿಡುವ ಊರಿನಲ್ಲಿ ಬೇನೆಯೂ ಸೌಮ್ಯವಾಗಬೇಕೆಂಬುದು ಅವನ ವಾದ. ಈ ವಾದವನ್ನು ಪಂಡಿತರೆಲ್ಲರೂ ಒಪ್ಪಿಲ್ಲ. ಆದರೆ ಸೌಮ್ಯತೆಯು ತಾನಾಗಿ ಬರುವುದಿಲ್ಲವೆಂಬುದನ್ನು ಎಲ್ ಟಾರ್ ತಳಿಯೇ ಸಾಕ್ಷಾತ್ಕರಿಸಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂಗಾಳದ ಸುತ್ತಿನಲ್ಲಿ ಕಂಡುಬಂದ ಅದರ ಹೊಸ ಬಗೆಗಳು ಹಳೆಯ ಮಾರಕ ತಳಿಯ ವಿಷವನ್ನೇ ಪಡೆದಿದ್ದವು.

ಅಣುಜೀವಿಯ ಸಹವಾಸಗಳಲ್ಲಿ ಮನುಷ್ಯನ ಕೈಗೆ ಎಟುಕುವುದು ನೀರೊಂದೇ. ಅದಕ್ಕೆ ದೊಡ್ಡ ಯಂತ್ರಗಳೇ ಬೇಕೆಂದಿಲ್ಲವೆಂಬುದನ್ನು ಬಂಗ್ಲಾದೇಶದ ಮತ್‌ಲಬ್ ಸೀಮೆಯ ಗೃಹಿಣಿಯರು ತೋರಿಸಿದರು. ರೀಟಾ ಕಾಲ್ವೆಲ್ ಮತ್ತು ಅನ್ವರ್ ಹಕ್ ಮೊದಲಾದವರು, ಅಣುಜೀವಿಗಳು ಕೊಳದ ನೀರಿನಲ್ಲಿ ಕಿರಿಯ ಜಲಚರಗಳಿಗೆ ಅಂಟಿ ಗುಂಪಾಗಿರುವುದನ್ನು ಬಲ್ಲವರಾಗಿ, ಆ ಜಲಚರಗಳನ್ನು ಸೋಸಿದರೆ ಸಾಕೆಂದು ಆಲೋಚಿಸಿದರು. ಹಳೆಯ ನೂಲಿನ ಸೀರೆಯನ್ನು ಎಂಟು ಪದರ ಬರುವಂತೆ ಮಡಚಿ ಕೊಡದ ಬಾಯಿಗೆ ಕಟ್ಟಿ ನೀರನ್ನು ತುಂಬುವಂತೆ ಸುಮಾರು ೬೫ ಹಳ್ಳಿಗಳಲ್ಲಿ ಹೇಳಿಕೊಟ್ಟರು. ೨೦೦೩ರಲ್ಲಿ ಪ್ರಕಟವಾದ ಲೆಕ್ಕದಂತೆ ಬೇನೆ ಶೇಕಡ ೪೮ರಷ್ಟು ಇಳಿಯಿತು. ಒಂಟಿ ಅಣುಜೀವಿಯು ಸೀರೆಯ ಎಳೆಗಳ ನಡುವೆ ಸುಲಭವಾಗಿ ನುಸುಳುವಷ್ಟು ಕಿರಿದು. ಆಸರೆಯನ್ನು ಕಚ್ಚಿಕೊಂಡು ಕೂಡಿ ಬಾಳುವ ಗುಣದಿಂದಲೇ ಅದು ಸಿಕ್ಕಿಬಿದ್ದಿತು. ಕನ್ನಡನಾಡಿನ ಜೈನಗೃಹಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಪ್ರಾಚೀನವಾದ ಆಚಾರ. ನೀರಿನಲ್ಲಿರುವ ಕಿರುಜೀವಿಗಳಿಗೆ ಹಿಂಸೆಯಾಗದಿರಲೆಂದು ಹುಟ್ಟಿದ ಆ ಆಚಾರದಲ್ಲಿ ಮನುಷ್ಯರಕ್ಷಣೆಯೂ ಅಡಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಾರಿಯ ಮುನಿಸೆಂದು ಜನರು ಕರೆದುದಕ್ಕೆ ವಿಜ್ಞಾನವು ಕೊಟ್ಟ ವ್ಯಾಖ್ಯಾನವು ಹೀಗಿದೆ. ಆ ಮುನಿಸು ಅಣುಜೀವಿಯ ಹುಟ್ಟುಗುಣವಲ್ಲ. ವೈರಸ್ಸಿನಿಂದ ಎರವಲು ತಂದ ವಿಷ, ತನ್ನವರೊಡನೆ ಹೆಣೆದ ಒಕ್ಕಟ್ಟು, ಮನುಷ್ಯನು ಕೆಡಿಸಿಕೊಂಡ ನೀರು, ಈ ಮೂರೂ ಕೂಡಿದಲ್ಲಿ ಅದು ಏರುವುದು. ಮೊದಲೆರಡು ಅಣುಜೀವಿಯ ವಶದಲ್ಲಿವೆ; ಮೂರನೆಯದು ಮನುಷ್ಯನ ವಶದಲ್ಲಿದೆ. ಅಣುಜೀವಿಗಳು ನೆರೆದು ಒಮ್ಮತಕ್ಕೆ ಬರಬಲ್ಲವು. ಕೆರೆ ಬಾವಿಗಳನ್ನು ಕಾಪಾಡಿಕೊಳ್ಳುವಷ್ಟು ಒಮ್ಮತವು ಊರಿನವರಿಗೆ ಅಸಾಧ್ಯವಾಗಬಾರದು.